ಹ್ಯಾಂಡಲಿಗೆ ಬಂದ ಹೊಟ್ಟೆ

ಸೈಕಲ್ಲಿನ ವಿಷಯದಲ್ಲಿ ನಮ್ಮ ವಿಜಯಪುರ ಜಿಲ್ಲೆಗೆ ಒಂದು ಮರ್ಯಾದೆ ಇದೆ. ಇಲ್ಲಿಯ ಹಳ್ಳಿ ಹುಡುಗ ಹುಡುಗಿಯರು ಕ್ರೀಡಾ ನಿಲಯ ಸೇರಿ, ಬೆನ್ನು ಬಗ್ಗಿಸಿ ತುಳಿದು, ರಾಷ್ಟ್ರೀಯ ಕೂಟಗಳಿಂದ ಪದಕ ಕೊರಳಿಗೆ ಹಾಕಿಕೊಂಡು ಬರುತ್ತಾರೆ. ಕರ್ನಾಟಕದಲ್ಲಿ ಸೈಕ್ಲಿಂಗ್ ಅಂದರೆ ಮೊದಲು ಬರುವ ಹೆಸರೇ ವಿಜಯಪುರ, ಬಾಗಲಕೋಟೆ. ಈ ಮರ್ಯಾದೆಗೆ ಎಲ್ಲೋ ಒಂದು ಕಡೆ ದೃಷ್ಟಿಬೊಟ್ಟು ಬೇಕಿತ್ತು. ಆ ಸೇವೆ ನನ್ನಿಂದ ಸಂದಿತು. ಅದೂ ತುಳಿಯುವುದರಲ್ಲಿ ಅಲ್ಲ, ಹ್ಯಾಂಡಲಿಗೆ ಒಂದು ಚೀಲ ಕಟ್ಟುವುದರಲ್ಲಿ.

ಚೀಲ ಕಟ್ಟುವುದೇನು ಮಹಾ ವಿದ್ಯೆ ಎಂದು ನೀವು ಕೇಳುತ್ತೀರಿ. ನಾನೂ ಹಾಗೇ ಕೇಳಿದವನು. ನಮ್ಮಪ್ಪನ ಅಟ್ಲಾಸ್ ಸೈಕಲ್ಲಿಗೆ ಬ್ರೇಕ್ ವಾಯರ್ ಎಂಬುದೇ ಇರಲಿಲ್ಲ. ಹ್ಯಾಂಡಲಿನ ಕೆಳಗೆ ಕಬ್ಬಿಣದ ಸರಳು. ಬ್ರೇಕ್ ಹಿಡಿದರೆ ಸರಳು ಮೇಲೆದ್ದು ರಬ್ಬರ್ ಗುಟ್ಟಿಯನ್ನು ರಿಮ್ಮಿನ ಒಳಮೈಗೆ ಒತ್ತುತ್ತಿತ್ತು, ಅಷ್ಟೇ. ಆ ಹ್ಯಾಂಡಲಿಗೆ ಅಪ್ಪ ಬುತ್ತಿಗಂಟು, ಹಾಲಿನ ಕ್ಯಾನು, ಸಂತೆಯ ದಿನ ಬದನೆಕಾಯಿ ತುಂಬಿದ ಕೈಚೀಲ ಎಲ್ಲವನ್ನೂ ತೂಗುಬಿಡುತ್ತಿದ್ದ. ಹಿಂದೆ ಕ್ಯಾರಿಯರಿನ ಮೇಲೆ ಜೋಳದ ಚೀಲ, ನಡುವಿನ ದಂಡದ ಮೇಲೆ ನಾನು. ಸೈಕಲ್ಲು ಚಕಾರ ಎತ್ತಿದ್ದಿಲ್ಲ. ಆ ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ಸರಿಯಾಗಿ ವಿಶ್ವ ಸೈಕಲ್ ದಿನ. ಕಾರ್ಖಾನೆ ನಿಂತರೂ ಅಪ್ಪನ ಸೈಕಲ್ಲು ನಿಂತಿಲ್ಲ. ಹಿತ್ತಲಿಂದ ಗಿರಣಿಗೆ, ಗಿರಣಿಯಿಂದ ಹಿತ್ತಲಿಗೆ ಓಡಾಡಿಕೊಂಡಿದೆ.

ನನ್ನದು ಈಗಿನ ಕಾಲದ ಗೇರ್ ಸೈಕಲ್ಲು. ಎರಡು ಬ್ರೇಕಿನ ವಾಯರು, ಎರಡು ಗೇರಿನ ವಾಯರು. ನಾಲ್ಕೂ ಹ್ಯಾಂಡಲಿನ ಎರಡು ಕಡೆಯಿಂದ ಹೊರಟು, ಮುಂದೆ ಗಾಳಿಯಲ್ಲಿ ಒಂದು ಕಮಾನು ಹಾಕಿ, ಬಗ್ಗಿ ಫ್ರೇಮಿನ ಕಡೆ ಇಳಿಯುತ್ತವೆ. ಹ್ಯಾಂಡಲ್ ಪೂರ್ತಿ ಹೊಳ್ಳಿದಾಗಲೂ ವಾಯರ್ ಬಿಗಿಯಬಾರದು ಎಂದೇ ಆ ಕಮಾನನ್ನು ಸಡಿಲವಾಗಿ ಬಿಟ್ಟಿರುತ್ತಾರೆ. ನನಗೆ ಅದು ಖಾಲಿ ಬಿದ್ದ ಜಾಗವಾಗಿ ಕಂಡಿತು. ಒತ್ತುವರಿ ಮಾಡಿಬಿಟ್ಟೆ.

ಈ ತಲೆಕೆಟ್ಟ ಆಸೆಗೆ ಮೂಲ ಫ್ರಾನ್ಸ್. ಅಲ್ಲಿ 1891ರಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟ್ ಎಂಬ ಊರಿಗೆ ಹೋಗಿ ವಾಪಸು ಬರುವ ಸೈಕಲ್ ಪಂದ್ಯ ಶುರುವಾಯಿತು. ಈಗ ಅದು ಪಂದ್ಯವಲ್ಲ, ಹವ್ಯಾಸಿಗಳ ದೀರ್ಘ ಸವಾರಿ. ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, 1200 ಕಿಲೊಮೀಟರನ್ನು 90 ಗಂಟೆಯಲ್ಲಿ ಮುಗಿಸಬೇಕು. ಅದರ ಮರಿ ಸವಾರಿಗಳಿಗೆ ಬ್ರೆವೆ ಎನ್ನುತ್ತಾರೆ, ನಮ್ಮ ರಾಜ್ಯದಲ್ಲೂ ನಡೆಯುತ್ತವೆ. ತೀರ ಚಿಕ್ಕದೆಂದರೆ 200 ಕಿಲೊಮೀಟರ್, ಹದಿಮೂರೂವರೆ ಗಂಟೆ. ಹಳೆಯ ಫ್ರೆಂಚ್ ಸವಾರರ ಚಿತ್ರಗಳಲ್ಲಿ ಸೈಕಲ್ಲಿನ ಮುಂದೆ ಒಂದು ಚೌಕದ ಚೀಲ ಇರುತ್ತದೆ. ಮೇಲೆ ನಕ್ಷೆ, ಒಳಗೆ ತಿಂಡಿ. ಇಳಿಯುವುದೇ ಬೇಡ, ತುಳಿಯುತ್ತ ಕೈಹಾಕಿ ತಿನ್ನುವುದು. ನನ್ನನ್ನು ಕ್ರೀಡೆಯ ಕಡೆ ಎಳೆದದ್ದು ಈ ಒಂದು ಸೌಲಭ್ಯವೇ.

ಆ ಚಿತ್ರಗಳಲ್ಲಿ ಚೀಲದ ಕೆಳಗೆ ಮುಂದಿನ ಗಾಲಿಯ ಮೇಲೆ ಒಂದು ಸಣ್ಣ ಕ್ಯಾರಿಯರ್ ಇತ್ತು. ಚೀಲದ ಭಾರವೆಲ್ಲ ಅದರ ಮೇಲೆ. ಹ್ಯಾಂಡಲ್ ಬರೀ ಹಿಡಿದುಕೊಳ್ಳುವುದಕ್ಕೆ. ನಾನು ಚೀಲವನ್ನಷ್ಟೇ ನೋಡಿದೆ, ತಿಂಡಿಯನ್ನು ಊಹಿಸಿಕೊಂಡೆ. ಕ್ಯಾರಿಯರ್ ಕಣ್ಣಿಗೆ ಬೀಳಲಿಲ್ಲ.

ಚೀಲ ಬಂತು. ಅದಕ್ಕೆ ಮೂರು ಬೆಲ್ಟು. ಎರಡು ಹ್ಯಾಂಡಲಿಗೆ, ಮೂರನೆಯದು ಹ್ಯಾಂಡಲ್ ದಂಡ ಇಳಿಯುವ ಫ್ರೇಮಿನ ಗಿಡ್ಡ ಕೊಳವೆಗೆ, ಚೀಲ ಕುಣಿಯದ ಹಾಗೆ. ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲುವ ಎಳ್ಳ ಅಮಾಸಿ ಆಗತಾನೆ ಮುಗಿದಿತ್ತು. ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜಿಯ ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಶೇಂಗಾ ಚಟ್ನಿಪುಡಿ ಎಲ್ಲ ಉಳಿದಿದ್ದವು. ಎಲ್ಲಕ್ಕೂ ಚೀಲದಲ್ಲಿ ಜಾಗ ಸಿಕ್ಕಿತು. ಮೇಲೆ ಪಾನಾ, ಪಕ್ಕಡ, ಗಾಳಿ ಪಂಪು, ಎರಡು ಬಾಟಲಿ ನೀರು, ಒಂದು ಸ್ವೆಟರು. ಬೆಲ್ಟುಗಳನ್ನು ವಾಯರಿನ ಮೇಲಿಂದಲೇ ತಂದು, ಹಲ್ಲು ಕಚ್ಚಿ ಬಿಗಿದೆ. ನಾಲ್ಕು ವಾಯರುಗಳೂ ಫ್ರೇಮಿಗೆ ಅಪ್ಪಚ್ಚಿಯಾಗಿ ಅಂಟಿಕೊಂಡವು. ಎಷ್ಟು ಅಚ್ಚುಕಟ್ಟಾಯಿತು ಎಂದು ನಾನು ದೂರ ನಿಂತು ನೋಡುತ್ತಿದ್ದಾಗ ಹೆಂಡತಿ ಬಾಗಿಲಿಗೆ ಬಂದಳು.

“ಹ್ಯಾಂಡಲಿಗೂ ಹೊಟ್ಟಿ ಬಂತಲ್ರಿ,” ಅಂದಳು. “ಇನ್ನ ಜೋಡಿ ಛಲೋ ಕಾಣತೈತಿ ಬಿಡ್ರಿ.”

ನನ್ನ ಖಾಸಗಿ ಬ್ರೆವೆಯ ದಾರಿ ನಾನೇ ಬರೆದಿದ್ದೆ: ವಿಜಯಪುರದಿಂದ ಇಂಡಿ, ಅಲ್ಲಿಂದ ಸಿಂದಗಿ, ತಾಳಿಕೋಟೆ ಹಾದು ಮುದ್ದೇಬಿಹಾಳ, ಬಸವನ ಬಾಗೇವಾಡಿ, ಮತ್ತೆ ವಿಜಯಪುರ. ಇನ್ನೂರು ಕಿಲೊಮೀಟರು ಸಲೀಸಾಗಿ ದಾಟುತ್ತದೆ. ನಸುಕಿನಲ್ಲಿ ಹೊರಟೆ. ಊರು ದಾಟುವುದರೊಳಗೇ ಸೈಕಲ್ಲಿಗೆ ಸ್ವಂತ ಬುದ್ಧಿ ಬಂದಿರುವುದು ಗೊತ್ತಾಯಿತು. ಎಡಕ್ಕೆ ಹೊಳ್ಳಿದರೆ ಗೇರು ತಾನೇ ಏರುತ್ತಿತ್ತು. ಬಲಕ್ಕೆ ಹೊಳ್ಳಿದರೆ ತಾನೇ ಇಳಿಯುತ್ತಿತ್ತು. ನೆಟ್ಟಗೆ ಹೋದರೆ ಎರಡರ ನಡುವೆ ನಿಂತು ಕಟಕಟ ಎನ್ನುತ್ತಿತ್ತು. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗಲು ಒಳಗಿನ ತಂತಿ ಸರಿಯಬೇಕಾದದ್ದು ಸುಮಾರು ಮೂರು ಮಿಲಿಮೀಟರ್ ಅಷ್ಟೇ. ನಾನು ಚೀಲದಿಂದ ಬಗ್ಗಿಸಿ, ಜಜ್ಜಿ, ಎಳೆದು ಕೊಟ್ಟ ಕಿರುಕುಳ ಅದಕ್ಕಿಂತ ಎಷ್ಟೋ ಹೆಚ್ಚು.

ಇಂಡಿ ರಸ್ತೆಯಲ್ಲಿ ಎರಡೂ ಕಡೆ ಎರೆಹೊಲ, ಎದೆಮಟ್ಟದ ಬಿಳಿಜೋಳ, ಮುಖಕ್ಕೆ ಹೊಡೆಯುವ ತಣ್ಣನೆ ಗಾಳಿ. ಸೈಕಲ್ಲು ಮುಂದಕ್ಕೆ ಹೋಗಲೊಲ್ಲದು. ಗಾಳಿಯ ತಪ್ಪು ಅಂದುಕೊಂಡೆ. ಆಮೇಲೆ ವಯಸ್ಸಿನ ತಪ್ಪು ಅಂದುಕೊಂಡೆ. ರಸ್ತೆ ಏರಿದೆಯೇನೋ ಎಂದು ಇಳಿದು ನೋಡಿದೆ. ಒಂದು ಗೋಲಿ ಇಟ್ಟರೂ ಉರುಳದಷ್ಟು ಸಪಾಟಾಗಿತ್ತು. ಅಷ್ಟರಲ್ಲಿ ಹಿಂದಿನಿಂದ ಸರಳು ಬ್ರೇಕಿನ ಹಳೆಯ ಸೈಕಲ್ಲಿನ ಮೇಲೆ ಒಬ್ಬ ಅಜ್ಜ, ಕ್ಯಾರಿಯರಿಗೆ ಅಡ್ಡಡ್ಡ ಒಂದು ಹೊರೆ ಕಣಿಕಿ ಕಟ್ಟಿಕೊಂಡು, ಬೀಡಿ ಸೇದುತ್ತ ನನ್ನ ಸಮಕ್ಕೆ ಬಂದ. ನನ್ನ ಹೆಲ್ಮೆಟ್ಟು, ಕಪ್ಪು ಕನ್ನಡಕ, ಚೀಲ ಮೂರನ್ನೂ ನೋಡಿದ.

“ಸಾಹೇಬ್ರ, ಬ್ರೇಕ್ ಹಿಡಕೊಂಡ ಯಾಕ ತುಳಿಯಾಕತ್ತೀರಿ?”

“ನಾ ಎಲ್ಲಿ ಹಿಡದೀನಿ ಯಜ್ಜಾ?”

“ನೀವು ಹಿಡದಿಲ್ಲಂದ್ರ ನಿಮ್ಮ ಚೀಲ ಹಿಡದೈತಿ. ಚೀಂವ್ ಚೀಂವ್ ಅನ್ನೂದು ಕೇಳಸವೊಲ್ದೇನು?” ಎಂದವನೇ ಕಣಿಕಿಯ ಗರಿಯಿಂದ ನನ್ನ ಮೋತಿ ಸವರಿಕೊಂಡು ಮುಂದೆ ಹೋದ.

ಅಜ್ಜನ ಮಾತು ನಿಜವಾಗಿತ್ತು. ಚೀಲ ಮುಂದಿನ ಬ್ರೇಕಿನ ವಾಯರನ್ನು ಒತ್ತಿ ಮಡಚಿಟ್ಟಿತ್ತು. ಒಳಗಿನ ತಂತಿ ವಾಪಸು ಸರಿಯಲು ಆಗದೆ ಬ್ರೇಕು ಅರೆಬರೆ ಹಿಡಿದೇ ಇತ್ತು. ವಿಜಯಪುರದಿಂದ ಅಲ್ಲಿಯವರೆಗೆ ನಾನು ಬ್ರೇಕ್ ಹಾಕಿಕೊಂಡೇ ಬಂದಿದ್ದೆ. ತೊಡೆಗೆ ಒಳ್ಳೆಯ ವ್ಯಾಯಾಮ ಎಂದು ಈಗ ಹೇಳಿಕೊಳ್ಳುತ್ತೇನೆ.

ಇಂಡಿ ಮುಟ್ಟುವ ಹೊತ್ತಿಗೆ ರೈಲು ಹಿಡಿದು ಮನೆಗೆ ಹೋಗುವ ಯೋಚನೆ ಬಂದಿತ್ತು. ಆದರೆ ಇಂಡಿಯಲ್ಲಿ ರೈಲಿಲ್ಲ. ಇಂಡಿ ರೋಡ್ ಎಂಬ ನಿಲ್ದಾಣವಿದೆ, ಅದು ಊರು ಬಿಟ್ಟು ದೂರ. ಬಸವನ ಬಾಗೇವಾಡಿಯದೂ ಇದೇ ಕಥೆ, ಅಲ್ಲಿಯೂ ನಿಲ್ದಾಣಕ್ಕೆ ರೋಡ್ ಎಂಬ ಬಾಲವಿದೆ. ರೈಲಿನವರು ನಮ್ಮ ಊರುಗಳನ್ನು ದೂರದಿಂದಲೇ ನೋಡಿ ಹೆಸರಿಟ್ಟು ಹೋಗಿದ್ದಾರೆ. ಹಾಗಾಗಿ ಚಹಾ ಅಂಗಡಿಯ ಮುಂದೆ ಸೈಕಲ್ ಒರಗಿಸಿ ಚೀಲ ಬಿಚ್ಚಿ ಮತ್ತೆ ಕಟ್ಟಲು ಕುಳಿತೆ. ನಮ್ಮ ಕಡೆ ಒಬ್ಬ ಮನುಷ್ಯ ರಸ್ತೆ ಬದಿ ಏನಾದರೂ ಬಿಚ್ಚಿದರೆ ಸಾಕು, ಸಭೆ ತಾನೇ ಕೂಡುತ್ತದೆ. ಕೆಲವರು ಚೀಲ ಕೆಳಗೆ ಬಿಡಿ ಎಂದರು, ಕೆಲವರು ಮೇಲೆ ಎತ್ತಿ ಎಂದರು, ಒಬ್ಬರು ಮೋಟಾರ್ ಸೈಕಲ್ ತಗೊಳ್ಳಿ ಎಂದರು. ಕೆಲಸಕ್ಕೆ ಬರುವ ಮಾತಾಡಿದ್ದು ಚಹಾ ಸೋಸುತ್ತಿದ್ದವನೊಬ್ಬನೇ.

“ಚೀಲಕ್ಕೂ ಹ್ಯಾಂಡಲಿಗೂ ನಡುವ ಏನರ ಅಡ್ಡ ಇಡ್ರಿ. ಚೀಲ ಮುಂದ ಸರಿತೈತಿ, ವಾಯರಿಗೆ ದಾರಿ ಸಿಗತೈತಿ.”

ಈ ಮಾತನ್ನೇ ಹೊರದೇಶದವರು ರಬ್ಬರಿನ ತುಂಡಾಗಿ, ಪ್ಲಾಸ್ಟಿಕ್ಕಿನ ಬಿಲ್ಲೆಯಾಗಿ ಮಾರುತ್ತಾರೆ. ಆದರೆ ಆ ಹೊತ್ತಿಗೆ ಅಡ್ಡ ಇಡಲು ಏನಿದೆ? ಇಂಡಿಯಲ್ಲಿ ಏನಿರುತ್ತದೋ ಅದು. ಪಕ್ಕದ ಗಾಡಿಯಿಂದ ಎರಡು ದಪ್ಪ ಲಿಂಬೆಹಣ್ಣು ಬಂದವು. ಬೆಲ್ಟಿನ ಒಳಗೆ, ಹ್ಯಾಂಡಲಿನ ಎರಡು ಕಡೆ ಒಂದೊಂದು ಇಟ್ಟು ಬಿಗಿದೆ. ಏನು ಹೇಳಲಿ! ಚೀಲ ಲಿಂಬೆಯಗಲ ಮುಂದೆ ಸರಿಯಿತು. ವಾಯರುಗಳು ಮತ್ತೆ ಕಮಾನು ಹಾಕಿದವು. ಬ್ರೇಕು ಬಿಟ್ಟಿತು, ಗೇರು ಹೇಳಿದ ಮಾತು ಕೇಳಿತು. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಿದೆ, ಹೊರದೇಶಕ್ಕೂ ಹೋಗುತ್ತದೆ. ಜಿಐ ಟ್ಯಾಗ್ ಇರುವ ಬಿಡಿಭಾಗ ಹಾಕಿಕೊಂಡ ಸೈಕಲ್ಲು ಜಗತ್ತಿನಲ್ಲಿ ಆ ಕ್ಷಣ ನನ್ನದೊಂದೇ ಇದ್ದಿರಬೇಕು. ದೃಷ್ಟಿಯೂ ತಾಗುವುದಿಲ್ಲ ಎಂದು ಸಭೆ ಒಮ್ಮತದಿಂದ ಬೀಳ್ಕೊಟ್ಟಿತು.

ಸಿಂದಗಿ ದಾರಿಯಲ್ಲಿ ನಾನು ಗಾಳಿಯಲ್ಲಿ ತೇಲುತ್ತಿದ್ದೆ. ಒಂದು ಹಳ್ಳಿಯ ಶಾಲೆಯ ಮುಂದೆ ಹಂಪ್ ಬಂತು. ನನಗೆ ಕಂಡಿತು, ಸೈಕಲ್ಲಿಗೆ ಕಾಣಲಿಲ್ಲ. ಚೀಲ ಎದ್ದು ಬಿದ್ದ ಹೊಡೆತಕ್ಕೆ ಎರಡೂ ಲಿಂಬೆ ಪಚ್ಚನೆ ಒಡೆದು ರಸ ಗೇರಿನ ಗುಂಡಿಯೊಳಗೆ, ಅಲ್ಲಿಂದ ಹಿಡಿಕೆಗೆ, ಅಲ್ಲಿಂದ ಬೆಲ್ಟು ಬಿಗಿಯುವಾಗ ಕೈಗೆ ಆಗಿದ್ದ ಗೀರಿಗೆ ಇಳಿಯಿತು. ಉರಿ ತಾಳಲಾರದೆ ಒಂದು ಕೈ ಬಿಟ್ಟು ಊದಿಕೊಳ್ಳುತ್ತ, ಇನ್ನೊಂದು ಕೈ ಬಿಟ್ಟು ಊದಿಕೊಳ್ಳುತ್ತ ಸಿಂದಗಿ ಸೇರಿದೆ. ಒಡೆದ ಲಿಂಬೆಹಣ್ಣು ಹ್ಯಾಂಡಲಿನಲ್ಲಿ ಜೋತು ಬಿದ್ದಿದ್ದನ್ನು ನೋಡಿ ಒಬ್ಬ ತಾಯಿ ಮಗುವನ್ನು ರಸ್ತೆಯ ಆ ಕಡೆ ಎಳೆದುಕೊಂಡಳು. ಎಲ್ಲೋ ಇಳಿತೆಗೆದದ್ದನ್ನು ತುಳಿದುಕೊಂಡು ಬಂದಿದ್ದೇನೆ ಎಂದು ಅವಳ ಲೆಕ್ಕ. ಮಾಟ ಮಾಡಿಸಿದವನು ನಾನೇ, ಮಾಡಿಸಿಕೊಂಡವನೂ ನಾನೇ ಎಂದು ಹೇಗೆ ಹೇಳಲಿ?

ಸಿಂದಗಿಯಲ್ಲಿ ನಾನು ಕಂಡ ಸೈಕಲ್ ಮಿಸ್ತ್ರಿ ಕಡಿಮೆ ಮಾತಿನ ಮನುಷ್ಯ. ನಾನು ಫ್ರಾನ್ಸಿನಿಂದ ಶುರುಮಾಡಿ ಕಥೆ ಹೇಳುತ್ತಿದ್ದರೆ ಅವನು ಪಂಕ್ಚರ್ ನೀರಿನ ಬುಟ್ಟಿಯಲ್ಲಿ ಟ್ಯೂಬು ಅದ್ದಿ ಗುಳ್ಳೆ ನೋಡುತ್ತಿದ್ದ. ಕೆಲಸ ಮುಗಿಸಿ, ಕೈ ಒರೆಸಿಕೊಂಡು ಬಂದು, ಚೀಲವನ್ನು ಕೆಳಗಿನಿಂದ ಒಮ್ಮೆ ಎತ್ತಿ ತೂಗಿದ.

“ಇದರಾಗ ಏನೈತ್ರಿ?”

ಅವನ ಮುಂದೆ ಒಂದೊಂದೇ ತೆಗೆದಿಡಬೇಕಾಯಿತು. ಹೋಳಿಗೆ ಬಂದಾಗ ಪಕ್ಕದ ಕಿರಾಣಿ ಅಂಗಡಿಯವನೂ ಬಂದ. ಅವನ ತಕ್ಕಡಿಯಲ್ಲಿ ತೂಗಿದರೆ ಆರು ಕೆಜಿ ಮೇಲೆ ಆಯಿತು. ಚೀಲದ ಒಳಮಗ್ಗುಲಿಗೆ ಹೊಲಿದ ಬಿಳಿ ಪಟ್ಟಿಯಲ್ಲಿ ಗರಿಷ್ಠ ಮೂರು ಕೆಜಿ ಎಂದು ಬರೆದಿರುವುದನ್ನು ಮಿಸ್ತ್ರಿಯ ಹತ್ತು ವರ್ಷದ ಮಗ ಗಟ್ಟಿಯಾಗಿ ಓದಿದ. ರೊಟ್ಟಿಗಳು ಆಗಲೇ ಹಿಟ್ಟಾಗಿದ್ದವು. ಗಿರಣಿಯಿಂದ ಹಿಟ್ಟಾಗಿ ಹೊರಟು, ರೊಟ್ಟಿಯಾಗಿ, ಮತ್ತೆ ಹಿಟ್ಟಾದ ಸಜ್ಜಿಯನ್ನು ನಾನು ಅಲ್ಲೇ ಮೊದಲು ನೋಡಿದ್ದು.

ಮಿಸ್ತ್ರಿ ಮಾಡಿದ ಕೆಲಸ ನೋಡುವಂತಿತ್ತು. ಬೋರ್‌ವೆಲ್ಲಿನ ಹಳೆಯ ಪೈಪಿನಿಂದ ನಾಲ್ಕು ಬೆರಳಗಲದ ಎರಡು ತುಂಡು ಕೊಯ್ದ. ಅಂಚನ್ನು ಕಾನಸಿನಿಂದ ಉಜ್ಜಿ ನುಣುಪು ಮಾಡಿ, ಮೇಲೆ ಬೈಕ್ ಟ್ಯೂಬಿನ ರಬ್ಬರ್ ಸುತ್ತಿದ. ಲಿಂಬೆಯ ಸಮಾಧಿ ತೊಳೆದು ಅಲ್ಲಿ ಇವುಗಳನ್ನು ಕೂರಿಸಿದ. ನಾಲ್ಕೂ ವಾಯರನ್ನು ಬೆಲ್ಟಿನ ಕೆಳಗಿನಿಂದ ಬಿಡಿಸಿ ಚೀಲದ ಹಿಂದೆ ಸಡಿಲವಾಗಿ ಬಿಟ್ಟ. ಮೂರನೆಯ ಬೆಲ್ಟನ್ನು ವಾಯರಿನ ಮೇಲೆ ಹಾಕದೆ ವಾಯರಿನ ಒಳಗಿಂದ ತೂರಿಸಿ ಕೊಳವೆಯನ್ನಷ್ಟೇ ಸುತ್ತಿಸಿದ. ಬೆಲ್ಟು ಉಜ್ಜಿ ಬಣ್ಣ ಹೋಗದಿರಲಿ ಎಂದು ಕೊಳವೆಗೂ ಒಂದು ಸುತ್ತು ಟ್ಯೂಬು. ಇಷ್ಟಾದ ಮೇಲೆ, ಎಲ್ಲರೂ ಮಾಡುವ ಹಾಗೆ ಮುಂದಿನ ಗಾಲಿಯನ್ನು ಎರಡು ಮೊಣಕಾಲಿನ ನಡುವೆ ನೆಟ್ಟಗೆ ಹಿಡಿದು ನೋಡಲಿಲ್ಲ. ಅವನು ಹ್ಯಾಂಡಲನ್ನು ಎಡಕ್ಕೆ ಕೊನೆಯ ತನಕ ಹೊಳ್ಳಿಸಿದ, ಬಲಕ್ಕೆ ಕೊನೆಯ ತನಕ ಹೊಳ್ಳಿಸಿದ, ಪ್ರತಿ ಸಲ ಎರಡೂ ಬ್ರೇಕ್ ಹಿಡಿದು ಬಿಟ್ಟು, ಹಿಂದಿನ ಗಾಲಿ ಎತ್ತಿ ತಿರುಗಿಸಿ ಗೇರು ಹಾಕಿ ನೋಡಿದ.

“ನಿಂತಾಗ ನೋಡೂದಲ್ಲರಿ ಇದನ್ನ. ಹೊಳ್ಳಿದಾಗ ನೋಡಬೇಕು,” ಎಂದ. ಅವತ್ತು ಅವನಾಡಿದ ಉದ್ದದ ಮಾತು ಅದೇ. ಹಣ ಕೇಳಿದ್ದು ಪಂಕ್ಚರಿನಷ್ಟು. ನೀರು, ಸ್ವೆಟರು, ಪಾನಾ ಹಿಂದಕ್ಕೆ ಕಟ್ಟಿಕೊಳ್ಳಲು ಒಂದು ಹಳೆಯ ಟ್ಯೂಬನ್ನೂ ಕೊಟ್ಟ. ಹೋಳಿಗೆಯ ಅರ್ಧ ಭಾಗ ಅಲ್ಲೇ ಕರಗಿದ್ದರಿಂದ ಚೀಲವೂ ಹಗುರಾಗಿತ್ತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಾನು ಬಿ.ಎಸ್ಸಿ. ಓದಿದವನು. ಊರು ದಾಟಿದ ಮೇಲೆ ನೋಡಿದರೆ ಮುಂದಿನ ಲೈಟಿಗೆ ಚೀಲ ಅಡ್ಡ ಬಂದಿದೆ. ಹೊತ್ತು ಮುಳುಗಿದರೆ ರಸ್ತೆ ಕಾಣದು, ಚೀಲದ ಬೆನ್ನಷ್ಟೇ ಕಾಣುತ್ತದೆ. ಒಂದು ಬೇವಿನ ಮರದ ಕೆಳಗೆ ನಿಂತು, ಬೆಲ್ಟುಗಳನ್ನು ಸ್ವಲ್ಪ ಸಡಿಲಿಸಿ ಚೀಲವನ್ನು ನಾಲ್ಕು ಬೆರಳು ಕೆಳಗಿಳಿಸಿದೆ. ಲೈಟು ಬಯಲಾಯಿತು. ಮಿಸ್ತ್ರಿಗೆ ಹೊಳೆಯದ್ದು ನನಗೆ ಹೊಳೆಯಿತು ಎಂದು ಬೀಗಿದೆ. ನಾನು ಕುಳ್ಳ. ಕುಳ್ಳನ ಸೈಕಲ್ಲಿನ ಫ್ರೇಮೂ ಕುಳ್ಳು. ಎತ್ತರದವರ ಸೈಕಲ್ಲಿನಲ್ಲಿ ಹ್ಯಾಂಡಲಿಗೂ ಮುಂದಿನ ಟೈರಿಗೂ ನಡುವೆ ಗೇಣುಗಟ್ಟಲೆ ಜಾಗ ಇರುತ್ತದೆ, ನನ್ನದರಲ್ಲಿ ಇರುವುದಿಲ್ಲ ಎಂಬುದನ್ನು ಬಿ.ಎಸ್ಸಿ.ಯಲ್ಲಿ ಹೇಳಿಕೊಟ್ಟಿರಲಿಲ್ಲ. ಮಿಸ್ತ್ರಿ ಚೀಲವನ್ನು ಅಷ್ಟು ಮೇಲೆ ಕಟ್ಟಿದ್ದೇ ಅದಕ್ಕೆ.

ತಾಳಿಕೋಟೆಯ ಯುದ್ಧ 1565ರಲ್ಲಿ ನಡೆದದ್ದು ತಾಳಿಕೋಟೆಯೊಳಗಲ್ಲ. ಅದಕ್ಕೇ ಅದನ್ನು ರಕ್ಕಸ-ತಂಗಡಿ ಯುದ್ಧ ಎಂದೂ ಕರೆಯುತ್ತಾರೆ. ಆ ತಂಗಡಿ, ಅಂದರೆ ತಂಗಡಗಿ, ಇರುವುದು ಮುದ್ದೇಬಿಹಾಳ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ನನ್ನ ಸೋಲೂ ಊರ ಹೊರಗೇ ಆಯಿತು, ಹೆಸರು ಮಾತ್ರ ತಾಳಿಕೋಟೆಗೆ. ಮೊದಲು ಝುರ್ ಎಂಬ ಸದ್ದು ಬಂತು. ರಸ್ತೆ ಒರಟಾದಾಗಲೆಲ್ಲ ಝುರ್. ಆಮೇಲೆ ರಬ್ಬರ್ ಸುಟ್ಟ ವಾಸನೆ, ಅದರ ಹಿಂದೆಯೇ ಬೆಳ್ಳುಳ್ಳಿಯ ಘಮ. ಯಾರ ಮನೆಯಲ್ಲೋ ಒಗ್ಗರಣೆ ಎಂದುಕೊಂಡೆ. ಸುತ್ತ ಮನೆ ಎಲ್ಲಿದೆ? ಹೊಲದ ಬದುವಿನ ಮೇಲೆ ಕುಳಿತಿದ್ದ ಒಬ್ಬ ಹೆಣ್ಣುಮಗಳು ಕೂಗಿ ಕೇಳಿದಳು:

“ಅಣ್ಣಾರ, ಅಮಾಸಿ ಆಗಿ ಹೋತಲ್ರಿ! ರೋಡಿಗೆ ಯಾಕ ಚರಗ ಚೆಲ್ಲಾಕತ್ತೀರಿ?”

ಇಳಿದು ಹಿಂದೆ ನೋಡಿದೆ. ನಾನು ಬಂದ ದಾರಿಯುದ್ದಕ್ಕೂ ಕೆಂಪಗೆ ಒಂದು ಗೆರೆ. ಟೈರು ಚೀಲದ ತಳ ಉಜ್ಜಿ ಉಜ್ಜಿ ತೂತು ಮಾಡಿತ್ತು. ತೂತಿನಿಂದ ಶೇಂಗಾ ಚಟ್ನಿಪುಡಿ, ಅದರ ಜೊತೆ ರೊಟ್ಟಿಯ ಹಿಟ್ಟು, ಸಮ ಪ್ರಮಾಣದಲ್ಲಿ ಭೂತಾಯಿಗೆ ಸಲ್ಲುತ್ತ ಬಂದಿದ್ದವು. ಡಬ್ಬಿಯ ಮುಚ್ಚಳ ಸಿಂದಗಿಯ ತಕ್ಕಡಿಯ ಪಕ್ಕದಲ್ಲೇ ಉಳಿದುಹೋಗಿತ್ತು. ಟೈರಿಗೆ ಮೆತ್ತಿದ ಖಾರ ಮಡ್‌ಗಾರ್ಡ್ ಇಲ್ಲದ ಕಾರಣ ನನ್ನ ಮುಖಕ್ಕೂ ಸ್ವಲ್ಪ ಸಂದಿತ್ತು. ಕಣ್ಣುರಿಗೆ ಬಿಸಿಲು ಕಾರಣ ಎಂದು ಅಲ್ಲಿಯವರೆಗೆ ನಂಬಿದ್ದೆ. ಎರಡು ನಾಯಿಗಳು ಗೆರೆಯನ್ನು ನೆಕ್ಕುತ್ತ ಬಹಳ ಶಿಸ್ತಿನಿಂದ ಹಿಂಬಾಲಿಸುತ್ತಿದ್ದವು.

ಮುದ್ದೇಬಿಹಾಳದಲ್ಲಿ ಹೆಚ್ಚು ಹೇಳುವಂಥದ್ದು ಆಗಲಿಲ್ಲ. ಟ್ರ್ಯಾಕ್ಟರ್ ಸೀಟು ಹೊಲಿಯುವ ಕುಶನ್ ಅಂಗಡಿಯಲ್ಲಿ ತೂತಿಗೆ ಕೆಂಪು ರೆಕ್ಸಿನ್ ತ್ಯಾಪೆ ಹಾಕಿಕೊಟ್ಟರು, ಬಿಳಿ ದಾರದಲ್ಲಿ, ಒಂದು ಹೂವಿನ ವಿನ್ಯಾಸ ಸಹಿತ. ನಾನು ಕೇಳಿರಲಿಲ್ಲ. ಅಲ್ಲಿಯೇ ಹದಿಮೂರೂವರೆ ಗಂಟೆಯೂ ಮುಗಿಯಿತು.

ಬಾಗೇವಾಡಿಗೆ ಬಂದಾಗ ರಾತ್ರಿ. ಚೀಲವನ್ನು ಮತ್ತೆ ಮೇಲೆ ಕಟ್ಟಿದ್ದರಿಂದ ಲೈಟು ಮುಚ್ಚಿಕೊಂಡು, ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನ ಹಿಂದಿನ ಕೆಂಪು ದೀಪವನ್ನೇ ನಂಬಿ ಬಂದಿದ್ದೆ. ಟ್ರ್ಯಾಕ್ಟರಿಗೆ ಎಷ್ಟು ವೇಗವೋ ನನಗೂ ಅಷ್ಟೇ ಎಂಬುದು ದಿನದ ಏಕೈಕ ಸಾಧನೆ. ಬಸವಣ್ಣನವರು ಹುಟ್ಟಿದ ಊರಿನಲ್ಲಿ ಸುಳ್ಳು ಹೇಳಬಾರದೆಂದು, ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ “ಎಲ್ಲಿಂದ ತುಳಕೊಂಡ ಬಂದ್ರಿ?” ಎಂದು ಕೇಳಿದಾಗ ಇದ್ದದ್ದು ಇದ್ದಂಗೆ ಹೇಳಿದೆ. ಅವನು ಸೈಕಲ್ಲಿಗೆ ಲಗೇಜ್ ಚೀಟಿ ಹರಿದು, ಚೀಲವನ್ನು ತಿರುಗಿಸಿ ಕೆಂಪು ಹೂವು ನೋಡಿ, “ಇದಕ್ಕ ಬ್ಯಾಡ ಬಿಡ್ರಿ, ನಿಮ್ಮ ತೊಡಿ ಮ್ಯಾಲೆ ಇಟಗೋರಿ,” ಎಂದ. ವಿಜಯಪುರದ ತನಕ ಚೀಲ ನನ್ನ ತೊಡೆಯ ಮೇಲಿತ್ತು. ವಾಯರಿಗೆ ತಾಗಲಿಲ್ಲ, ಫ್ರೇಮಿಗೆ ಉಜ್ಜಲಿಲ್ಲ, ಟೈರನ್ನು ಮುಟ್ಟಲಿಲ್ಲ. ಅಷ್ಟು ಸರಿಯಾಗಿ ಅದು ಎಲ್ಲಿಯೂ ಕೂತಿರಲಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಅರಿಕೆ. ಚೀಲ ಮಾರಾಟಕ್ಕಿದೆ. ಕಪ್ಪು ಬಣ್ಣ, ತಳದಲ್ಲಿ ಕೆಂಪು ಹೂವು, ಎರಡು ಬೋರ್‌ವೆಲ್ ಪೈಪಿನ ತುಂಡು ಜೊತೆಗೆ ಉಚಿತ. ಕೊಳ್ಳುವವರು ಎತ್ತರದವರಾಗಿರಬೇಕು, ಮುಂದಿನ ಗಾಲಿಯ ಮೇಲೆ ಸಣ್ಣ ಕ್ಯಾರಿಯರ್ ಇರಬೇಕು, ತುಂಬುವ ಮೊದಲು ತೂಗಿ ಮೂರು ಕೆಜಿ ಒಳಗಿಡಬೇಕು, ಕಟ್ಟಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ಹೊಳ್ಳಿಸಿ ನೋಡಬೇಕು. ಲಿಂಬೆ ಮತ್ತು ಬೆಳ್ಳುಳ್ಳಿಯ ವಾಸನೆ ತೊಳೆದರೂ ಹೋಗಿಲ್ಲ. ಅದಕ್ಕೆಂದೇ ದರದಲ್ಲಿ ರಿಯಾಯಿತಿ ಇದೆ.